ಎರಡು ಬೆರಳಿನ ಅಳತೆ

ಸರಾಫ್ ಬಜಾರದಾಗ ಮಧ್ಯಾಹ್ನ ಮೂರಕ್ಕ
ನಾಯಿ ಸುದ್ದಾ ನೆರಳು ಬಿಟ್ಟು ಏಳಂಗಿಲ್ಲ.
ಇಂಥಾ ಬಿಸಿಲಾಗ ಒಬ್ಬಾಕಿನೇ ಬಂದೀನಿ,
ಕರವಸ್ತ್ರದ ಗಂಟಿನಾಗ ರೊಕ್ಕ,
ರೊಕ್ಕದ ನಡುವ ಒಂದು ತುಂಡು ಅಲ್ಯೂಮಿನಿಯಂ ತಂತಿ.

“ಯಾರ ಅಳತಿರೀ ಇದು?” ಅಂದ ಮೌನೇಶ ಪತ್ತಾರ,
ತಂತಿಯ ಬಳಿ ಬೆಳಕಿಗೆ ಹಿಡಿದು.
“ಅಂಬಾರಾಯಂದು” ಅಂದೆ.
ಹೆಸರು ಬಾಯಿಲೆ ಅಂದದ್ದು ಅದೇ ಮೊದಲು,
ಕಿವಿ ಬಿಸಿ ಆದವು. ಬಿಸಿಲಿಗೇ ಇರಬೇಕು.

ಹದಿನೆಂಟು ವರ್ಷ ಬ್ರಹ್ಮಪುರದ ಮೈ ಅಳದೀನಿ ನಾ.
ಎದಿ, ನಡ, ತೋಳು, ಬಾಣಂತಿಯರ ಸಡಿಲು,
ಉಸಿರು ಬಿಗಿಹಿಡಿದು ಹುಡುಗಿಯರು ಹೇಳೋ ಸುಳ್ಳು,
ಎಲ್ಲಾ ಗೊತ್ತದ ನನ್ನ ಟೇಪಿಗೆ.
ಒಂದು ಬೆರಳು ಅಳಿಯೋದು ಗೊತ್ತಿರಲಿಲ್ಲ.
ಮೊದಲು ದಾರ ಸುತ್ತಿದೆ, ಅಂವ ಚಾ ಕುಡಿಯುವಾಗ,
ಬಟನ್ ಹಚ್ಚೋ ನೆಪದಾಗ.
ದಾರದ ಮಾತು ಖರೆ ಅಲ್ಲ,
ಜಗ್ಗಿದಷ್ಟು ಬರ್ತದ.
ಅಂವ ನೋಡಿದ, ನಗಲಿಲ್ಲ.
ಜೇಬಿನಿಂದ ತಂತಿ ತಗದು ಬೆರಳಿಗೆ ಸುತ್ತಿ,
ಇಕ್ಕಳದಿಂದ ಕತ್ತರಿಸಿ
ಮಷಿನ್ ಮ್ಯಾಲ ಇಟ್ಟು ಹೋದ,
ಮೀಟರ್ ರೀಡಿಂಗ್ ಬರದು ಹೋದಂಗ.

ಮಖಮಲ್ಲಿನ ತಟ್ಟಿಯಾಗ ಸಾಲು ಸಾಲು:
ಹೆಡಿ ಎತ್ತಿದ ನಾಗ, ಹವಳ,
ಇಂಗ್ಲಿಷಿನ ಎ ಅಕ್ಷರ,
ಸಿಂಹದ ಮೋತಿ, ಕಣ್ಣಿಗೆ ಕೆಂಪು ಕಲ್ಲು.
“ಏನ್ ಕೆಲಸ ಮಾಡ್ತಾರ್ರೀ ಮನ್ಯಾನವ್ರು?”
“ಇನ್ನಾ ಮನ್ಯಾಗ ಬಂದಿಲ್ಲ. ಲೈನ್‌ಮನ್.”

ಪತ್ತಾರ ತಟ್ಟಿ ಕೆಳಗಿಟ್ಟ.
“ಲೈನಿನವರು ಉಂಗ್ರ ಹಾಕ್ಕೊಳಂಗಿಲ್ಲಲ್ಲ ತಂಗಿ.”

ಗೊತ್ತದ.
ಕಂಬ ಹತ್ತೋ ಮುಂದ ಗಡಿಯಾರ, ಉಡದಾರ,
ಕೊಳ್ಳಾಗಿನ ತಾಯತ ಸುದ್ದಾ ಬಿಚ್ಚಿಡಬೇಕು.
“ಜೇವರ್ಗಿ ಕಡಿ ಒಬ್ಬಾಂವ, ಬೆಳ್ಳಿ ಉಂಗ್ರ…” ಅಂತ
ಒಂದಿನ ಸುರು ಮಾಡಿ ಅಷ್ಟಕ್ಕೇ ಬಿಟ್ಟಿದ್ದ.
ಉಳಿದದ್ದು ನಾ ಕೇಳಲಿಲ್ಲ,
ಕಾಜಾ ಹೊಲಿದೆ.
ನಮ್ಮ ಸಣ್ಣವ್ವ ಅಂತಾಳ,
ಹಾಕ್ಕೊಳ್ಳದ ಉಂಗ್ರಕ್ಕ ಅರ್ಧ ತೊಲಿ ಯಾಕ,
ಒಂದು ಛಲೋ ಬೂಟು ಕೊಡಿಸು.
ಬೂಟೂ ಕೊಡಸ್ತೀನಿ.

“ಕಲ್ಲಿಲ್ಲದ್ದು ತಗೀರಿ. ಸಾದಾ.”
ತಂತಿಗೆ ಸರಿಯಾಗೋದು ಒಂದು ಸಿಕ್ತು.
ಯಾಕೋ, ನನ್ನ ಕೈಗೇ ಹಾಕಿ ನೋಡಿದೆ.
ಉಂಗುರಬೆರಳಿನಾಗ ನಿಲ್ಲಲಿಲ್ಲ,
ನಡುಬೆರಳಿನಾಗ ಚಕ್ರದಂಗ ತಿರುಗಿತು.
ಹೆಬ್ಬೆರಳು ಉಳಿದಿತ್ತು,
ಕತ್ರಿ ಹಿಡಿದು ಹಿಡಿದು ಗಂಟುಬಿದ್ದದ್ದು,
ಚೆಂದ ಅಂತ ಒಬ್ಬರೂ ಅನ್ನದ್ದು.

ಕೂತಿತು.

“ಅದು ಗಂಡಸರ ಸೈಜರೀ” ಅಂತ ಪತ್ತಾರ ನಕ್ಕ.
“ಹೌದು. ಅದಕ್ಕೇ” ಅಂದೆ.

ಇನ್ನ ಮ್ಯಾಲ ಓಣ್ಯಾಗ ಕರೆಂಟ್ ಹೋದರ
ಮಂದಿ ಶಹಾಬಾದ್ ಕಲ್ಲಿನ ಕಟ್ಟಿಗೆ ಬಂದು ಕೂತು
ಬೀಸಣಿಗಿ ಬೀಸ್ಕೋತ ಬೈಯ್ಲಿ ಯಾರಿಗರೇ.
ನಾ ಮೋಟಾರಿನ ಬೆಲ್ಟ್ ತಗದು ಕಾಲಿಲೆ ತುಳಿತೀನಿ.
ಎಲ್‌ಸಿ ತಗೊಂಡು ಅಂವ ಕಂಬದ ಮ್ಯಾಲ,
ಅವನ ಉಂಗುರ ನನ್ನ ಹೆಬ್ಬೆರಳಿನಾಗ,
ಕೆಳಗ ರವಿಕಿ ತೋಳು ಹೊಲಿಗಿ ತಪ್ಪಿ ಎರಡು ಸಲ ಬಿಚ್ಚಿ…
ಪಂಖಾ ಒಮ್ಮೆ ನರಳಿ ತಿರುಗೋ ತನಕ.

ತಿರುಗಿದರ ಇಳದಾನ ಅಂತ.
ಆಗ ತಗದಿಡ್ತೀನಿ, ಸಾಬಾಣ ಹಚ್ಚಿ,
ಅಂವ ಬಂದು ಕೈ ತೊಳ್ಕೊಳ್ಳೋದ್ರಾಗ.
ಇದು ಅವನಿಗೆ ಹೇಳಿಲ್ಲ.
ಅಂಗುಸ್ತಾನ ಅಂತ ತಿಳೀಲಿ.

ಮಜೂರಿಗೆ ಜರಾ ಜಗಳಾ ಆಯ್ತು,
ನಾನೂರು ಇಳದ.
ಪಾವತಿ ಬರದು, ಡಬ್ಬಿ ಮುಚ್ಚಿ,
ತಂತಿ ಎತ್ತಿ ಕಸದಾಗ ಒಗಿಯೋಕ ಹೋದ.
“ಅದೂ ಹಾಕ್ರಿ ಡಬ್ಬ್ಯಾಗ.”

“ತೂಕಕ್ಕ ಬರಂಗಿಲ್ಲ ತಂಗಿ ಇದು.”

“ಹಾಕ್ರಿ.”